ಗೋಳಾ, ಕೈಮರ, ಕವಚ: ಗಡಿನಾಡ ಹಳಿಗಳ ಮೇಲೆ ಎಚ್ಚರಿಕೆಯ ಮಾತು



ಗಡಿನಾಡ ಕನ್ನಡ ಅಂದ ಕೂಡಲೇ ನಾವು ಶಾಸನ, ಮಠ, ಕನ್ನಡ ಶಾಲೆ, ಗಡಿ ಆಯೋಗ ಇವುಗಳ ಬಗ್ಗೆ ಮಾತಾಡ್ತೀವಿ. ನಾನು ಇವತ್ತು ರೈಲು ಸುರಕ್ಷತೆಯ ಉಪಕರಣಗಳ ಚರಿತ್ರೆಯನ್ನು ಎತ್ತಿಕೊಂಡಿದ್ದೇನೆ. ಕನ್ನಡ ಎಂ.ಎ. ವಿದ್ಯಾರ್ಥಿಗೂ ಬ್ರೇಕು, ಸಿಗ್ನಲ್ಲುಗಳಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಬಹುದು. ಸಂಬಂಧ ಇದೆ. ಈ ಉಪಕರಣಗಳಲ್ಲಿ ಹಲವು ಹುಟ್ಟಿದ್ದು ಒಬ್ಬರು ಆಡಿದ ಮಾತು ಇನ್ನೊಬ್ಬರಿಗೆ ಬೇರೆಯಾಗಿ ಅರ್ಥವಾದದ್ದರಿಂದ, ಇಲ್ಲವೇ ಅರ್ಥವೇ ಆಗದೆ ಹೋದದ್ದರಿಂದ. ಮಾತಿನ ಮೇಲಿನ ಅಪನಂಬಿಕೆಯೇ ಈ ಯಂತ್ರಗಳ ತಾಯಿಬೇರು. ಆದರೆ ಯಂತ್ರ ಎಷ್ಟೇ ಮುಂದುವರಿದರೂ ಮಾತು ಪೂರ್ತಿ ಹೊರಗೆ ಹೋಗಲಿಲ್ಲ, ಬೇರೆ ಬೇರೆ ವೇಷದಲ್ಲಿ ಒಳಗೇ ಉಳಿಯಿತು. ನನ್ನ ಪ್ರಬಂಧದ ವಾದ ಇಷ್ಟೇ. ಮೂರು ನಾಲ್ಕು ಭಾಷೆಗಳ ನಡುವೆ ದಿನ ಕಳೆಯುವ ನಮ್ಮಂಥ ಊರುಗಳಿಗೆ ಈ ವಿಷಯ ಬರೀ ಪುಸ್ತಕದ್ದಲ್ಲ.

1. ಗಡಿ ದಾಟುವ ಹಳಿ

ಮೊದಲು ಭೂಪಟ ನೋಡೋಣ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯೂ ಮದ್ರಾಸಿನಿಂದ ಹೊರಟ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಸೊಲ್ಲಾಪುರ, ಹೊಟಗಿ, ಅಕ್ಕಲಕೋಟ ರೋಡ್, ದುಧನಿ, ಕಲಬುರಗಿ, ವಾಡಿ, ರಾಯಚೂರು, ಆದೋನಿ, ಗುಂತಕಲ್ಲು ಹೀಗೆ ಸಾಗುವ ಈ ಮಾರ್ಗ ಇವತ್ತಿನ ಮಹಾರಾಷ್ಟ್ರದ ಕನ್ನಡ ಊರುಗಳಿಂದ ಹೊರಟು ಕರ್ನಾಟಕ ಹಾಯ್ದು ಆಂಧ್ರದ ಕನ್ನಡ ಊರುಗಳನ್ನು ಮುಟ್ಟುತ್ತದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರಾಜ್ಯದ ರೈಲು ಶುರುವಾಯಿತು. ಆ ದಾರಿಯಲ್ಲಿ ತಾಂಡೂರು ಬರುತ್ತದೆ. ಅಲ್ಲಿನ ಸಂತೆಯಲ್ಲಿ ಇವತ್ತಿಗೂ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ರಾಜ್ಯಗಳ ಭಾಷಾವಾರು ವಿಂಗಡಣೆ 1956ರದು. ಹಳಿ ಅದಕ್ಕಿಂತ ಎಂಬತ್ತು ತೊಂಬತ್ತು ವರ್ಷ ಹಳೆಯದು. ಅದನ್ನು ಹಾಕಿದವರಿಗೆ ನಮ್ಮ ಗಡಿ ಗೊತ್ತಿರಲಿಲ್ಲ, ಅದರ ಮೇಲೆ ದುಡಿದವರು ಮಾತ್ರ ಮೊದಲ ದಿನದಿಂದಲೂ ಹಲವು ಭಾಷೆಯವರು.

ನನ್ನದು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ನಮ್ಮ ಮುತ್ಯಾ ರೈಲ್ವೆಯಲ್ಲಿ ಕೀಮನ್ ಆಗಿ ನಿವೃತ್ತರಾದವರು. ಮನೆಯಲ್ಲಿ ಕನ್ನಡ, ಮುಕಾದಮನ ಜೊತೆ ಮರಾಠಿ, ಸ್ಟೇಷನ್ ಮಾಸ್ತರರ ಜೊತೆ ಹಿಂದಿ, ಹೀಗೆ ಅವರ ದಿನ ನಡೆಯುತ್ತಿತ್ತು. ಅವರ ಬಾಯಲ್ಲಿ ಕೀಮನ್‌ಗೆ 'ಚಾವಿವಾಲಾ', ಸ್ಲೀಪರಿಗೆ 'ಸಿಲಿಪಾಟು', ಗೇಟಿಗೆ 'ಫಾಟಕ', ಡಿಟೊನೇಟರಿಗೆ 'ಪಟಾಕಿ', ಒಂಟಿ ಹಳಿಯ ಟೋಕನ್‌ಗೆ 'ಗೋಳಾ'. ಈ ಶಬ್ದಗಳನ್ನು ಬರೆದುಕೊಳ್ಳುತ್ತಾ ಹೋದಾಗಲೇ ನನಗೆ ಈ ವಿಷಯ ಹೊಳೆದದ್ದು. ಅವರ ಮಾತು ಮುಂದೆ ಬರುತ್ತದೆ. ಅದಕ್ಕೂ ಮುಂಚೆ ಇಂಗ್ಲೆಂಡಿನ ಎರಡು ದುರಂತಗಳನ್ನು ಹೇಳಲೇಬೇಕು, ಯಾಕಂದರೆ ನಮ್ಮ ಹಳಿಗಳ ಮೇಲಿನ ನಿಯಮಗಳ ಬೇರು ಅಲ್ಲಿದೆ.

2. ಒಂದು ಮಾತು, ಎರಡು ಅರ್ಥ

ಆರಂಭದ ರೈಲುಗಳನ್ನು ಕಾಲದ ಅಂತರದ ಮೇಲೆ ಬಿಡುತ್ತಿದ್ದರು. ಒಂದು ಗಾಡಿ ಹೋದ ಮೇಲೆ ಇಷ್ಟು ನಿಮಿಷ ಕಾದು ಇನ್ನೊಂದು. ಮುಂದಿನ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಹಿಂದಿನವನಿಗೆ ಗೊತ್ತಾಗುವ ಬಗೆಯೇ ಇರಲಿಲ್ಲ. ಆಮೇಲೆ ತಂತಿ ಬಂತು. ಎರಡು ತುದಿಯ ಸಿಗ್ನಲ್‌ಮ್ಯಾನ್‌ಗಳು ಮಾತಾಡಿಕೊಂಡು ಗಾಡಿ ಬಿಡಬಹುದಾಯಿತು.

1861ರ ಆಗಸ್ಟ್ 25, ಭಾನುವಾರ. ಬ್ರೈಟನ್ ಕಡೆಯಿಂದ ಲಂಡನ್ನಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಮೂರು ಗಾಡಿ ಹೊರಟವು. ದಾರಿಯಲ್ಲಿ 2 ಕಿ.ಮೀ.ಗಿಂತ ಉದ್ದದ ಕ್ಲೇಟನ್ ಸುರಂಗ. ಮೊದಲ ಗಾಡಿ ಸುರಂಗ ಹೊಕ್ಕಾಗ ತಾನಾಗಿ 'ಅಪಾಯ'ಕ್ಕೆ ತಿರುಗಬೇಕಿದ್ದ ಸಿಗ್ನಲ್ ತಿರುಗಲಿಲ್ಲ. ದಕ್ಷಿಣ ತುದಿಯ ಸಿಗ್ನಲ್‌ಮ್ಯಾನ್ ಸುರಂಗದಲ್ಲಿ ಗಾಡಿ ಇದೆ ಅಂತ ಉತ್ತರ ತುದಿಗೆ ತಂತಿ ಕೊಟ್ಟ. ಅಷ್ಟರಲ್ಲಿ ಎರಡನೆಯದು ಬಂದೇ ಬಿಟ್ಟಿತು. ಅವನು ಕೆಂಪು ಬಾವುಟ ಬೀಸಿದ. ಚಾಲಕ ಕಂಡನೋ ಇಲ್ಲವೋ ಅವನಿಗೆ ಖಾತ್ರಿಯಾಗಲಿಲ್ಲ. ಸುರಂಗ ಖಾಲಿಯಾಯಿತೇ ಅಂತ ಕೇಳಿದ. ಅದೇ ಹೊತ್ತಿಗೆ ಮೊದಲ ಗಾಡಿ ಆಚೆ ಬಂದಿತ್ತು. ಅದನ್ನು ನೋಡಿದ ಉತ್ತರ ತುದಿಯವನು ಖಾಲಿಯಾಯಿತು ಅಂತ ಉತ್ತರಿಸಿದ. ಕೇಳಿದವನು ಎರಡೂ ಗಾಡಿಯ ಬಗ್ಗೆ ಕೇಳಿದ್ದ, ಹೇಳಿದವನು ಒಂದರ ಬಗ್ಗೆ ಹೇಳಿದ್ದ. ಇತ್ತ ಎರಡನೆಯ ಗಾಡಿಯ ಚಾಲಕ ಬಾವುಟ ಕಂಡಿದ್ದ. ಸುರಂಗದೊಳಗೆ ನಿಲ್ಲಿಸಿ, ಏನಾಯಿತು ನೋಡೋಣ ಅಂತ ಹಿಂದಕ್ಕೆ ಬರುತ್ತಿದ್ದ. ಮೂರನೆಯ ಗಾಡಿಗೆ ಬಿಳಿ ಬಾವುಟ ಸಿಕ್ಕಿತು. 23 ಜನ ಸತ್ತರು, 176 ಜನ ಗಾಯಗೊಂಡರು. ದಕ್ಷಿಣ ತುದಿಯ ಸಿಗ್ನಲ್‌ಮ್ಯಾನ್ ಆ ದಿನ 24 ತಾಸಿನ ಪಾಳಿಯಲ್ಲಿದ್ದ ಅನ್ನುವುದನ್ನೂ ಇಲ್ಲಿ ಸೇರಿಸಬೇಕು.

ಸಾಹಿತ್ಯದವರಾಗಿ ನಾವು ಇದನ್ನು ಹೇಗೆ ಓದಬೇಕು? ಎರಡೂ ತುದಿಯವರು ಸುಳ್ಳು ಹೇಳಲಿಲ್ಲ. ತಂತಿಯೂ ಸರಿಯಾಗಿಯೇ ತಲುಪಿತು. ಕೆಟ್ಟದ್ದು ಮಾತಿನ ನಿರ್ದೇಶ. 'ಯಾವ ಗಾಡಿ' ಅನ್ನುವ ಪದ ವಾಕ್ಯದಲ್ಲಿ ಇರಲಿಲ್ಲ. ವ್ಯಾಕರಣದ ತರಗತಿಯಲ್ಲಿ ಸರ್ವನಾಮ ಯಾವ ನಾಮಪದವನ್ನು ಹಿಡಿದು ನಿಂತಿದೆ ಅಂತ ಕೇಳ್ತೀವಲ್ಲ, ಅದೇ ಪ್ರಶ್ನೆ ಇಲ್ಲಿ ಪ್ರಾಣ ತೆಗೆಯಿತು.

ಎರಡನೆಯದು 1874ರ ಸೆಪ್ಟೆಂಬರ್ 10, ನಾರ್ವಿಚ್ ಬಳಿಯ ಥಾರ್ಪ್. ಒಂಟಿ ಹಳಿ. ಆ ತುದಿಯಿಂದ ಮೇಲ್ ಗಾಡಿ ಕಳಿಸಿ ಎಂಬ ಆದೇಶ ಸಹಿ ಬೀಳುವ ಮೊದಲೇ ತಂತಿಯಲ್ಲಿ ಹೋಯಿತು. ಇತ್ತ ಅದೇ ಹಳಿಗೆ ಎಕ್ಸ್‌ಪ್ರೆಸ್ ಗಾಡಿಯನ್ನೂ ಬಿಟ್ಟಾಗಿತ್ತು. ಗೊತ್ತಾಗಿ ತಡೆಯಲು ಹೋದರೆ ಮೇಲ್ ಹೊರಟಿದೆ ಅಂತ ಉತ್ತರ ಬಂತು. ಎರಡೂ ಎದುರುಬದುರಾಗಿ ಡಿಕ್ಕಿ ಹೊಡೆದವು. 25 ಜನ ಸತ್ತರು. ಸಹಿ ಇಲ್ಲದ ಕಾಗದಕ್ಕೂ ಸಹಿ ಇರುವ ಕಾಗದಕ್ಕೂ ಇರುವ ವ್ಯತ್ಯಾಸ ತಂತಿಯ ಆ ತುದಿಯಲ್ಲಿ ಕಾಣುವುದಿಲ್ಲ. ಅಲ್ಲಿ ಎರಡೂ ಒಂದೇ ಆದೇಶ.

3. ಕೈಗೆ ಸಿಗುವ ಮಾತು

ಥಾರ್ಪ್ ದುರಂತದ ನಂತರ ಎಡ್ವರ್ಡ್ ಟಾಯರ್ ಎಂಬಾತ 1878ರಲ್ಲಿ ವಿದ್ಯುತ್ ಟ್ಯಾಬ್ಲೆಟ್ ಉಪಕರಣಕ್ಕೆ ಪೇಟೆಂಟ್ ಪಡೆದ. ಅದರ ಉಪಾಯ ಸರಳ. ಒಂಟಿ ಹಳಿಯ ಎರಡೂ ತುದಿಯ ಸ್ಟೇಷನ್ನುಗಳಲ್ಲಿ ಒಂದೊಂದು ಪೆಟ್ಟಿಗೆ, ಎರಡನ್ನೂ ತಂತಿ ಜೋಡಿಸುತ್ತದೆ. ಪೆಟ್ಟಿಗೆಯೊಳಗೆ ಹಲವು ಬಿಲ್ಲೆಗಳು. ಆಚೆ ತುದಿಯವನು ಒಪ್ಪದೆ ಈಚೆ ತುದಿಯವನಿಗೆ ಬಿಲ್ಲೆ ಹೊರಬರದು. ಒಂದು ಬಿಲ್ಲೆ ಹೊರಗೆ ಬಂದ ಮೇಲೆ ಅದನ್ನು ಈ ಪೆಟ್ಟಿಗೆಗೋ ಆ ಪೆಟ್ಟಿಗೆಗೋ ವಾಪಸು ಹಾಕುವ ತನಕ ಯಾವ ಕಡೆಯಿಂದಲೂ ಎರಡನೆಯದು ಬರುವುದಿಲ್ಲ. ಬಿಲ್ಲೆ ಕೈಯಲ್ಲಿದ್ದರೆ ಮಾತ್ರ ಚಾಲಕ ಗಾಡಿ ಒಯ್ಯಬೇಕು.

ಭಾರತದ ಒಂಟಿ ಹಳಿಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ಇದೇ ಜಾತಿಯ ನೀಲ್ ಉಪಕರಣ. ಅದರಲ್ಲಿ ಬಿಲ್ಲೆಯ ಬದಲು ಉಕ್ಕಿನ ಗುಂಡು, ಅದೇ ನಮ್ಮ ಗೋಳಾ. ಗುಂಡಿನ ಮೇಲೆ ಯಾವ ಸ್ಟೇಷನ್ನುಗಳ ನಡುವಿನದು ಅಂತ ಕೆತ್ತಿರುತ್ತದೆ. ಅದನ್ನು ದೊಡ್ಡ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿಟ್ಟು ಓಡುವ ಗಾಡಿಯ ಚಾಲಕನ ಕೈಗೆ ಕೊಡುತ್ತಿದ್ದರು. ಹಳೆಯ ಬಳೆಯನ್ನು ಆತ ಪ್ಲಾಟ್‌ಫಾರ್ಮಿಗೆ ಎಸೆಯುತ್ತಿದ್ದ. ಹೊಟಗಿಯಿಂದ ವಿಜಯಪುರದ ಕಡೆ ಹೋಗುವ ಮೀಟರ್‌ಗೇಜ್ ಗಾಡಿಯಲ್ಲಿ ಇದನ್ನು ಕಂಡದ್ದನ್ನು ಮುತ್ಯಾ ಹೀಗೆ ಹೇಳ್ತಿದ್ರು: "ಡ್ರೈವರ್ ತೆಲುಗಿನಂವ ಇರ್ಲಿ, ಮಾಸ್ತರ ಮರಾಠಿಯಂವ ಇರ್ಲಿ, ಗೋಳಾಕ್ಕ ಜಾತಿ ಇಲ್ಲ, ಭಾಷಾ ಇಲ್ಲ. ಇದ್ರ ಐತಿ, ಇಲ್ಲಂದ್ರ ಇಲ್ಲ."

ನನಗೆ ಇದು ತುಂಬ ಖಚಿತವಾದ ವ್ಯಾಖ್ಯಾನ ಅನ್ನಿಸಿತು. ಮಾತನ್ನು ನಕಲು ಮಾಡಬಹುದು, ಒಂದೇ ಮಾತನ್ನು ಇಬ್ಬರಿಗೆ ಕೊಡಬಹುದು, ಕೊಟ್ಟ ಮಾತನ್ನು ಎರಡು ಬಗೆಯಲ್ಲಿ ಕೇಳಿಸಿಕೊಳ್ಳಬಹುದು. ವಸ್ತು ಒಂದೇ ಹೊತ್ತಿಗೆ ಇಬ್ಬರ ಕೈಯಲ್ಲಿ ಇರಲಾರದು. ಸ್ಟೇಷನ್ನುಗಳ ನಡುವಿನ ಸಂಭಾಷಣೆಯೂ ಇದೇ ದಾರಿ ಹಿಡಿಯಿತು. ಗಾಡಿ ತೆಗೆದುಕೊಳ್ತೀಯಾ, ತೆಗೆದುಕೊಳ್ತೀನಿ, ಗಾಡಿ ಹೊರಟಿತು, ಗಾಡಿ ಮುಟ್ಟಿತು ಇವೆಲ್ಲ ಗಂಟೆಯ ಇಂತಿಷ್ಟು ಹೊಡೆತಗಳಾದವು. 'ಮಾತು ಕೊಡುವುದು' ಅನ್ನುವ ನಮ್ಮ ನುಡಿಗಟ್ಟು ಇಲ್ಲಿ ಅಕ್ಷರಶಃ ನಿಜವಾಯಿತು. ಮಾತನ್ನು ಗುಂಡಾಗಿ ಎರಕ ಹೊಯ್ದು ಕೈಗೆ ಕೊಟ್ಟರು.

4. ಮೌನ ಸಮ್ಮತಿಯಲ್ಲ

ಗೋಳಾ ಮಾತಿನ ತೊಂದರೆಯನ್ನು ಬಗೆಹರಿಸಿತು. ಇನ್ನೊಂದು ತೊಂದರೆ ಮೌನದ್ದು. ಸಂದೇಶವೇ ಬರದಿದ್ದರೆ ಏನು ಅರ್ಥ?

'ಮೌನಂ ಸಮ್ಮತಿ ಲಕ್ಷಣಂ' ಅನ್ನುವ ಮಾತು ನಮ್ಮಲ್ಲಿ ಮದುವೆ ಮಾತುಕತೆಯಿಂದ ಪಂಚಾಯಿತಿವರೆಗೆ ಓಡಾಡುತ್ತದೆ. ಆರಂಭದ ಬ್ಲಾಕ್ ಪದ್ಧತಿಯಲ್ಲೂ ಹಲವೆಡೆ ಹಾಗೇ ಇತ್ತು. ಕೈಮರದ ಕೈ ಸಾಮಾನ್ಯವಾಗಿ 'ಹೋಗು' ಅನ್ನುವ ಸ್ಥಿತಿಯಲ್ಲೇ ಇರುತ್ತಿತ್ತು, ಗಾಡಿ ಹೋದ ಮೇಲೆ ಮಾತ್ರ ಅದನ್ನು ಅಪಾಯಕ್ಕೆ ತರುತ್ತಿದ್ದರು. 1876ರ ಜನವರಿ 21ರಂದು ಇಂಗ್ಲೆಂಡಿನ ಆಬಟ್ಸ್ ರಿಪ್ಟನ್‌ನಲ್ಲಿ ಹಿಮ ಕೂತು ಕೈಗಳು 'ಹೋಗು' ಸ್ಥಿತಿಯಲ್ಲೇ ಸಿಕ್ಕಿಬಿದ್ದವು. ಒಳಗೆ ಸಿಗ್ನಲ್‌ಮ್ಯಾನ್ ಸನ್ನೆ ಎಳೆದಿದ್ದ, ಹೊರಗೆ ಕೈ ಕದಲಿರಲಿಲ್ಲ. ಗಾಡಿಗಳು ಒಂದಕ್ಕೊಂದು ಹೊಡೆದವು. ಅದಾದ ಮೇಲೆ ನಿಯಮ ತಿರುಗಿತು. ಕೈಯ ಸಹಜ ಸ್ಥಿತಿ 'ನಿಲ್ಲು', ಬೇಕಾದಾಗ ಮಾತ್ರ 'ಹೋಗು'. ತಂತಿ ಹರಿದರೂ ಭಾರದ ಕಲ್ಲು ಕೈಯನ್ನು 'ನಿಲ್ಲು'ಗೆ ತರಬೇಕು.

ಇದೇ ಆಲೋಚನೆ ಆ ಕಾಲದ ಇನ್ನೆರಡು ದೊಡ್ಡ ಉಪಕರಣಗಳಲ್ಲೂ ಇದೆ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್ ನೋಡಿ. ಹಳಿಯ ಒಂದು ತುಂಡಿನಲ್ಲಿ ಬ್ಯಾಟರಿಯಿಂದ ಸಣ್ಣ ವಿದ್ಯುತ್ ಸದಾ ಹರಿಯುತ್ತಿರುತ್ತದೆ. ಆಚೆ ತುದಿಯ ರಿಲೇ ಅದರಿಂದ ಎದ್ದು ನಿಂತಿರುತ್ತದೆ. ಗಾಡಿ ಬಂದರೆ ಅದರ ಗಾಲಿ ಮತ್ತು ಅಚ್ಚು ಎರಡೂ ಹಳಿಗಳನ್ನು ಜೋಡಿಸಿ ವಿದ್ಯುತ್ತನ್ನು ಅಲ್ಲೇ ತಿರುಗಿಸಿಬಿಡುತ್ತವೆ. ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಬ್ಯಾಟರಿ ಸತ್ತರೂ ಕೆಂಪು, ತಂತಿ ಹರಿದರೂ ಕೆಂಪು, ಹಳಿ ತುಂಡಾದರೆ ಬಹುತೇಕ ಆಗಲೂ ಕೆಂಪು. 'ನಾನು ಸರಿಯಾಗಿದ್ದೀನಿ' ಅಂತ ಹಳಿ ಬಿಡದೆ ಹೇಳುತ್ತಲೇ ಇರಬೇಕು. ಹೇಳುವುದು ನಿಂತರೆ ಅದೇ ಎಚ್ಚರಿಕೆ.

ಜಾರ್ಜ್ ವೆಸ್ಟಿಂಗ್‌ಹೌಸ್‌ನ ಬ್ರೇಕಿನ ಕಥೆಯೂ ಹೀಗೇ. 1869ರ ಅವನ ಮೊದಲ ಗಾಳಿ ಬ್ರೇಕಿನಲ್ಲಿ ಗಾಳಿ ತುಂಬಿದರೆ ಗಾಡಿ ನಿಲ್ಲುತ್ತಿತ್ತು. ಕೊಳವೆ ಹರಿದರೆ ಬ್ರೇಕೇ ಇಲ್ಲ. ಕೆಲವೇ ವರ್ಷಗಳಲ್ಲಿ ಅವನು ಅದನ್ನು ತಿರುವಿ ಹಾಕಿದ. ಕೊಳವೆಯಲ್ಲಿ ಒತ್ತಡ ಇರುವವರೆಗೆ ಬ್ರೇಕು ಸಡಿಲ, ಒತ್ತಡ ಇಳಿದರೆ ಬಿಗಿ. ಗಾಡಿ ಎರಡು ತುಂಡಾದರೆ ಎರಡೂ ತುಂಡು ತಾವೇ ನಿಲ್ಲುತ್ತವೆ. ನಾವು ಸರಪಳಿ ಎಳೆದಾಗ ಆಗುವುದೂ ಇದೇ, ಕೊಳವೆಯ ಗಾಳಿ ಸೋರಿ ಹೋಗುತ್ತದೆ. ಇಂಥ ಬ್ರೇಕು ಲೋಕಕ್ಕೆ ಗೊತ್ತಿದ್ದರೂ ಐರ್ಲೆಂಡಿನ ಆರ್ಮಾ ಬಳಿ 1889ರ ಜೂನ್ 12ರಂದು ಓಡುತ್ತಿದ್ದ ವಿಹಾರದ ಗಾಡಿಗೆ ಅದು ಇರಲಿಲ್ಲ. ಏರಿನಲ್ಲಿ ಗಾಡಿಯನ್ನು ಬಿಡಿಸಿದಾಗ ಹಿಂದಿನ ಡಬ್ಬಿಗಳು ಇಳಿಜಾರಿಗೆ ಉರುಳಿ 80 ಜನ ಸತ್ತರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಪ್ರಯಾಣಿಕರ ಗಾಡಿಗಳಿಗೆ ತಾನಾಗಿ ಬೀಳುವ ಬ್ರೇಕನ್ನು ಕಡ್ಡಾಯ ಮಾಡಿತು. ಉಪಕರಣ ಹುಟ್ಟುವುದಕ್ಕೂ ಅದು ಬಡ ಪ್ರಯಾಣಿಕನ ಗಾಡಿಗೆ ಬರುವುದಕ್ಕೂ ನಡುವೆ ಎಷ್ಟು ವರ್ಷ, ಎಷ್ಟು ಹೆಣ ಅನ್ನುವುದು ಈ ಚರಿತ್ರೆಯ ಉದ್ದಕ್ಕೂ ಕಾಡುವ ಲೆಕ್ಕ.

5. ಕಿವಿಯಿಂದ ಯಂತ್ರಕ್ಕೆ

ಇದುವರೆಗೆ ಹೇಳಿದ್ದು ಗಾಡಿಯ ಬಗ್ಗೆ. ಹಳಿ, ಗಾಲಿ, ಅಚ್ಚು ಇವುಗಳ ಆರೋಗ್ಯ ನೋಡಿಕೊಳ್ಳುವುದು ಇನ್ನೊಂದು ಕಥೆ. ಅದು ಶುರುವಾಗುವುದು ಮನುಷ್ಯನ ಕಣ್ಣು, ಕಿವಿ, ಮೂಗಿನಿಂದ. ಗಾಲಿಗೆ ಸುತ್ತಿಗೆ ಬಡಿದು ಸದ್ದು ಕೇಳುವವರು ಇದ್ದರು. ಸ್ಟೇಷನ್ನಿಗೆ ಗಾಡಿ ಹೊಕ್ಕುವಾಗ ಬಗ್ಗಿ ನಿಂತು ನೇತಾಡುವ ಭಾಗ, ಕಾದ ಅಚ್ಚು, ಸುಟ್ಟ ಎಣ್ಣೆಯ ವಾಸನೆ ಹಿಡಿಯುವವರು ಇವತ್ತಿಗೂ ಇದ್ದಾರೆ. ಹಳಿಯ ಮೇಲೆ ದಿನಾ ತನ್ನ ಪಾಲಿನ ದೂರ ನಡೆದು ಚಾವಿಗಳನ್ನು ಸುತ್ತಿಗೆಯಿಂದ ಬಿಗಿ ಮಾಡುವವನು ಕೀಮನ್. ಮುತ್ಯಾನ ಮಾತು ಹೀಗಿದೆ: "ಚಾವಿ ಬಿಗಿ ಇದ್ರ ಖಣ್ ಅಂತದ, ಸಡಲಿದ್ರ ಒಡದ ಗಡಗಿ ಬಡದಂಗ ಬದ್ ಅಂತದ. ಹೊರಗಿನ ಬಿರುಕು ಕಣ್ಣಿಗಿ ಕಾಣತದ. ಹಳಿ ಹೊಟ್ಟ್ಯಾಗಿಂದು ದೇವರಿಗೇ ಗೊತ್ತು."

ಆ ಹೊಟ್ಟೆಯೊಳಗಿನದ್ದನ್ನು ಹುಡುಕುವ ಯಂತ್ರದ ಹಿಂದೆಯೂ ಒಂದು ದುರಂತ ಇದೆ. 1911ರ ಆಗಸ್ಟ್ 25ರಂದು ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಊರಿನಲ್ಲಿ ಹಳಿ ತುಂಡಾಗಿ ಗಾಡಿ ಉರುಳಿ 29 ಜನ ಸತ್ತರು. ಹಳಿಯ ಒಳಗೆ, ಹೊರಗಣ್ಣಿಗೆ ಕಾಣದ ಹಾಗೆ ಬಿರುಕು ಬೆಳೆದಿತ್ತು. ಮುಂದೆ ಎಲ್ಮರ್ ಸ್ಪೆರ್ರಿ ಹಳಿಯಲ್ಲಿ ವಿದ್ಯುತ್ ಹರಿಸಿ, ಅದರ ಸುತ್ತಲ ಕಾಂತಕ್ಷೇತ್ರ ಎಲ್ಲಿ ಏರುಪೇರಾಗುತ್ತದೆ ಅಂತ ಅಳೆದು ಒಳಬಿರುಕು ಗುರುತಿಸುವ ತಪಾಸಣಾ ಗಾಡಿಯನ್ನು 1928ರಲ್ಲಿ ಹಳಿಗಿಳಿಸಿದ. ಇವತ್ತು ನಮ್ಮ ಹಳಿಗಳ ಮೇಲೆ ತಳ್ಳಿಕೊಂಡು ಹೋಗುವ ಅಲ್ಟ್ರಾಸೋನಿಕ್ ಯಂತ್ರದ ಕೆಲಸವೂ ಅದೇ, ದಾರಿ ಬೇರೆ. ಅದು ಸದ್ದು ಬಿಟ್ಟು ಪ್ರತಿಧ್ವನಿ ಕೇಳುತ್ತದೆ. ಅಂದರೆ ಮುತ್ಯಾನ ಸುತ್ತಿಗೆಯ ತರ್ಕವೇ, ಮನುಷ್ಯನ ಕಿವಿಗೆ ಸಿಗದ ಸದ್ದಿನಲ್ಲಿ. ಅಚ್ಚು ಕಾದದ್ದನ್ನು ಕೈಯಿಂದ ಮುಟ್ಟಿ ನೋಡುವ ಬದಲು ಹಳಿಯ ಪಕ್ಕ ನಿಂತು ಅವಗೆಂಪು ಕಿರಣದಿಂದ ಅಳೆಯುವ ಉಪಕರಣಗಳು 1950ರ ದಶಕದಲ್ಲಿ ಅಮೆರಿಕದಲ್ಲಿ ಬಂದವು. ಗಾಲಿ ಹಳಿಗೆ ಎಷ್ಟು ಜೋರಾಗಿ ಬಡಿಯುತ್ತದೆ ಅಂತ ಅಳೆಯುವ, ಬೇರಿಂಗಿನ ಸದ್ದು ಕೇಳಿ ರೋಗ ಹೇಳುವ ಉಪಕರಣಗಳು ಈಗ ಭಾರತೀಯ ರೈಲ್ವೆಯಲ್ಲೂ ಇವೆ.

ಗೋವಾ ಕಡೆಯಿಂದ ಸೇರಿಕೊಂಡಿರುವ ಸ್ನೇಹಿತರಿಗೆ ಕೊಂಕಣ ರೈಲ್ವೆ ಗೊತ್ತೇ ಇದೆ. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜೆಯ ವಿಶೇಷ ಗಾಡಿ ವೈಭವವಾಡಿ ಬಳಿ ಗುಡ್ಡದಿಂದ ಜಾರಿದ ಬಂಡೆಗಳಿಗೆ ಹೊಡೆದು 50ಕ್ಕೂ ಹೆಚ್ಚು ಜನ ಸತ್ತರು. ಇವತ್ತು ಆ ಮಾರ್ಗದಲ್ಲಿ ಬಂಡೆ ತಡೆಯುವ ಬಲೆ ಇದೆ, ಮಳೆ ಅಳೆಯುವ ಉಪಕರಣಗಳಿವೆ. ಗೋವಾದ ಮಾಂಡೋವಿ, ಜುವಾರಿ ಸೇತುವೆಗಳ ಮೇಲೂ ಹೊನ್ನಾವರದ ಶರಾವತಿ ಸೇತುವೆಯ ಮೇಲೂ ಗಾಳಿಯ ವೇಗ ಅಳೆಯುವ ಉಪಕರಣಗಳಿವೆ. ಆದರೂ ಮಳೆಗಾಲ ಪೂರ್ತಿ ರಾತ್ರಿ ಹಗಲು ಹಳಿಯ ಮೇಲೆ ಕಾಲ್ನಡಿಗೆಯ ಕಾವಲು ನಿಂತಿಲ್ಲ. ಜೋರು ಮಳೆಯಲ್ಲಿ ಕಣ್ಣಿಗೆ ದಾರಿ ಕಾಣದಿದ್ದರೆ ಗಂಟೆಗೆ 40 ಕಿ.ಮೀ. ಮೀರಬಾರದು ಅಂತ ಚಾಲಕರಿಗೆ ಸೂಚನೆ ಇದೆ. ಯಂತ್ರ ಬಂದ ಮೇಲೂ ನಡೆಯುವವನು ಬೇಕೇ ಬೇಕು.

ನಡೆಯುವವನ ಕೈಯಲ್ಲಿ ಏನಿದೆ? ಕೆಂಪು ಬಾವುಟ, ಕೈದೀಪ, ಪಟಾಕಿ. ಈ ಪಟಾಕಿ 1841ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಕೌಪರ್ ಮಂಜಿನ ದಿನಗಳಿಗಾಗಿ ಕಂಡುಹಿಡಿದದ್ದು. ನಮ್ಮ ನಿಯಮದಂತೆ ಬ್ರಾಡ್‌ಗೇಜ್ ಹಳಿ ಕೆಟ್ಟಿದ್ದರೆ ಆ ಜಾಗದಿಂದ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಹತ್ತತ್ತು ಮೀಟರ್ ಅಂತರದಲ್ಲಿ ಮೂರು ಪಟಾಕಿ ಇಡಬೇಕು. ಈ ದೂರ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಯದ ಸಾಕ್ಷಿ ಚಾರ್ಲ್ಸ್ ಡಿಕನ್ಸ್. 1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್‌ನಲ್ಲಿ ಅವನಿದ್ದ ಗಾಡಿ, ದುರಸ್ತಿಗೆಂದು ಹಳಿ ತೆಗೆದಿದ್ದ ಸೇತುವೆಯಲ್ಲಿ ಉರುಳಿತು. ಮೇಸ್ತ್ರಿ ವೇಳಾಪಟ್ಟಿಯಲ್ಲಿ ಆ ಗಾಡಿಯ ಹೊತ್ತನ್ನು ತಪ್ಪಾಗಿ ಓದಿದ್ದ. ಬಾವುಟದವನು 1000 ಗಜ ದೂರದಲ್ಲಿ ನಿಲ್ಲಬೇಕಿತ್ತು, ನಿಂತದ್ದು 554 ಗಜದಲ್ಲಿ. 10 ಜನ ಸತ್ತರು. ಮರುವರ್ಷ ಡಿಕನ್ಸ್ 'ದಿ ಸಿಗ್ನಲ್‌ಮ್ಯಾನ್' ಕಥೆ ಬರೆದ.

ಈಗ ಹಳಿ ಕಾಯುವವರಿಗೆ ಜಿಪಿಎಸ್ ಯಂತ್ರ ಕೊಟ್ಟಿದ್ದಾರೆ. ಅದರಲ್ಲಿ ಅಪಾಯದ ಕರೆಯ ಗುಂಡಿ ಇದೆ, ಅವನು ಎಲ್ಲಿ ನಡೆದ, ಎಲ್ಲಿ ನಿಂತ ಅನ್ನುವ ಲೆಕ್ಕವೂ ಇದೆ. 'ರಕ್ಷಕ್' ಅನ್ನುವ ಇನ್ನೊಂದು ಯಂತ್ರ ಗಾಡಿ ಬರುತ್ತಿದೆ ಅಂತ ಹಳಿ ಕೆಲಸದವರನ್ನು ಎಚ್ಚರಿಸುತ್ತದೆ. ನೋಡಲು ಎರಡೂ ಒಂದೇ ಥರದ ಡಬ್ಬಿ. ಮೊದಲನೆಯದರಲ್ಲಿ ಸುದ್ದಿ ಹೆಚ್ಚಾಗಿ ಕೆಲಸಗಾರನಿಂದ ಮೇಲಕ್ಕೆ ಹೋಗುತ್ತದೆ, ಎರಡನೆಯದರಲ್ಲಿ ಸುದ್ದಿ ಅವನ ಕಡೆಗೆ ಬರುತ್ತದೆ. ಉಪಕರಣಗಳ ಚರಿತ್ರೆ ಬರೆಯುವಾಗ ಎಚ್ಚರಿಕೆ ಯಾವ ದಿಕ್ಕಿಗೆ ಹರಿಯುತ್ತದೆ ಅನ್ನುವುದನ್ನೂ ಬರೆಯಬೇಕು ಅನ್ನುವುದು ನನ್ನ ಕೋರಿಕೆ.

6. ಭಾಷೆ ಮತ್ತೆ ಬಂತು

ಗೇಟ್‌ಮ್ಯಾನ್‌ಗೆ ಸ್ಟೇಷನ್ ಮಾಸ್ತರರು ಫೋನ್ ಮಾಡಿ ಗೇಟು ಹಾಕು ಅನ್ನುತ್ತಾರೆ. ಅವನು ಹಾಕಿ, ತನ್ನ ಹಾಳೆಯಿಂದ ಒಂದು 'ಪ್ರೈವೇಟ್ ನಂಬರ್' ಹೇಳುತ್ತಾನೆ. ಮಾಸ್ತರರು ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಕ್ರಮ ತಪ್ಪಿಸಿ ಅಚ್ಚು ಹಾಕಿದ ಈ ಎರಡಂಕಿ ಸಂಖ್ಯೆಗಳನ್ನು ಊಹಿಸಲಾಗುವುದಿಲ್ಲ, ಬಳಸಿದ ಮೇಲೆ ಹೊಡೆದುಹಾಕಬೇಕು. ಇದು ಬಾಯಿಂದ ಕೊಡುವ ಗೋಳಾ ಅಂತ ನಾನು ಓದುತ್ತೇನೆ. 'ಹಾಕಿದೆ' ಅಂದರೆ ಸಾಲದು, ಆ ಮಾತಿಗೆ ಅಂಕಿಯ ಮುದ್ರೆ ಬೇಕು.

ಆದರೂ ಫೋನಿನಲ್ಲಿ ಉಳಿದ ಮಾತು ಯಾವ ಭಾಷೆಯದು? 2019ರ ಮೇ ತಿಂಗಳಲ್ಲಿ ತಮಿಳುನಾಡಿನ ಮದುರೈ ಬಳಿ, ತಿರುಮಂಗಲಂ ಮತ್ತು ಕಳ್ಳಿಕುಡಿ ನಡುವೆ, ಒಂದೇ ಹಳಿಯ ಮೇಲೆ ಎರಡು ಗಾಡಿ ಬಂದು ಸ್ವಲ್ಪದರಲ್ಲಿ ಅಪಘಾತ ತಪ್ಪಿತು. ಒಬ್ಬರು ತಮಿಳಿನವರು, ಇನ್ನೊಬ್ಬರು ಹಿಂದಿಯವರು, ಮಾತು ಸರಿಯಾಗಿ ಮುಟ್ಟಿರಲಿಲ್ಲ ಅಂತ ಆಗ ವರದಿಯಾಯಿತು. ಜೂನ್‌ನಲ್ಲಿ ದಕ್ಷಿಣ ರೈಲ್ವೆ ಒಂದು ಸುತ್ತೋಲೆ ಹೊರಡಿಸಿತು. ನಿಯಂತ್ರಣ ಕಚೇರಿ ಮತ್ತು ಸ್ಟೇಷನ್ ಮಾಸ್ತರರು ಹಿಂದಿ ಇಲ್ಲವೇ ಇಂಗ್ಲಿಷ್‌ನಲ್ಲೇ ಮಾತಾಡಬೇಕು, ಪ್ರಾದೇಶಿಕ ಭಾಷೆ ಬೇಡ. ತಮಿಳುನಾಡಿನಲ್ಲಿ ಪ್ರತಿಭಟನೆ ಎದ್ದಿತು, ಕೆಲವೇ ದಿನಗಳಲ್ಲಿ ಸುತ್ತೋಲೆ ಹಿಂದೆ ಹೋಯಿತು. ಆಡಿದ್ದು ಎರಡೂ ಕಡೆಯವರಿಗೆ ಪೂರ್ತಿ ಅರ್ಥವಾಗಬೇಕು ಎಂಬ ಅರ್ಥದ ಸೂಚನೆ ಅದರ ಜಾಗಕ್ಕೆ ಬಂತು.

ಇದನ್ನು ಭಾಷಾಭಿಮಾನದ ಜಗಳ ಅಂತ ಮಾತ್ರ ಓದಿದರೆ ಕಡಿಮೆ ಓದಿದ ಹಾಗೆ. ಕ್ಲೇಟನ್ನಿನ ಇಬ್ಬರೂ ಇಂಗ್ಲಿಷ್‌ನವರೇ. ಒಂದೇ ಭಾಷೆ ಅವರನ್ನು ಕಾಪಾಡಲಿಲ್ಲ. ಒಂದು ಭಾಷೆಯನ್ನು ತೆಗೆದು ಇನ್ನೊಂದನ್ನು ಹಾಕಿದರೆ ಸುರಕ್ಷತೆ ಬರುವುದಿಲ್ಲ. ಕೇಳಿದವನು ತಾನು ಕೇಳಿದ್ದನ್ನು ಮರಳಿ ಹೇಳಬೇಕು, ಹೇಳಿದವನು ಅದನ್ನು ಒಪ್ಪಬೇಕು. ಎರಡನೆಯ ಸೂಚನೆ ಮೊದಲನೆಯದಕ್ಕಿಂತ ಸುರಕ್ಷಿತ ಅಂತ ನಾನು ಹೇಳುವುದು ಈ ಕಾರಣಕ್ಕೆ. ರೈಲ್ವೆಯ ಸಾಮಾನ್ಯ ನಿಯಮಗಳಲ್ಲೂ ಕೆಲಸಗಾರನಿಗೆ ಸಂಬಂಧಪಟ್ಟ ಭಾಗವನ್ನು ಅನುವಾದ ಮಾಡಿ ಕೊಡಲು ಅವಕಾಶ ಇಟ್ಟಿದ್ದಾರೆ. ಅನುವಾದ ಕೂಡ ಒಂದು ಸುರಕ್ಷಾ ಸಾಧನ ಅಂತ ನಿಯಮ ಬರೆದವರೇ ಒಪ್ಪಿದ ಹಾಗಾಯಿತಲ್ಲ.

ಇನ್ನು 2023ರ ಜೂನ್ 2. ಒಡಿಶಾದ ಬಹನಗಾ ಬಜಾರ್. ಮುಖ್ಯ ಹಳಿಗೆ ಹಸಿರು ಸಿಗ್ನಲ್ ಇತ್ತು, ಪಾಯಿಂಟು ಮಾತ್ರ ಗೂಡ್ಸ್ ಗಾಡಿ ನಿಂತಿದ್ದ ಲೂಪ್ ಹಳಿಗೆ ತಿರುಗಿತ್ತು. ಕೋರಮಂಡಲ್ ಎಕ್ಸ್‌ಪ್ರೆಸ್ ಅದರೊಳಗೆ ನುಗ್ಗಿತು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಸಿಗ್ನಲ್ ಸರ್ಕ್ಯೂಟ್ ಬದಲಾವಣೆಯಲ್ಲಿ ಆದ ಲೋಪಗಳನ್ನು ಹೇಳಿತು. ಅದರಲ್ಲಿ ಒಂದು ನಮ್ಮಂಥವರ ಎದೆಗೆ ನಾಟುವಂಥದ್ದು. ತಂತಿ ಜೋಡಿಸುವ ಟರ್ಮಿನಲ್ಲುಗಳ ಮೇಲಿನ ಬರಹ ತಪ್ಪಾಗಿತ್ತು, ವರ್ಷಗಟ್ಟಲೆ ಹಾಗೇ ಉಳಿದಿತ್ತು. ಮೌನವೂ ಎಚ್ಚರಿಕೆಯಾಗುವ ಹಾಗೆ ಕಟ್ಟಿದ ಯಂತ್ರ, ಪೆಟ್ಟಿಗೆಯೊಳಗಿನ ತಪ್ಪು ಅಕ್ಷರವನ್ನು ಗುರುತಿಸಲಾರದೆ ಹೋಯಿತು. ಮಾತನ್ನು ಹೊರಗೆ ಹಾಕಿದೆವು ಅಂದುಕೊಂಡಿದ್ದೆವು, ಅದು ಹೆಸರುಪಟ್ಟಿಯಾಗಿ ಒಳಗೇ ಕೂತಿತ್ತು.

7. ತಾಂಡೂರಿನ ದಾರಿಯಲ್ಲಿ ಕವಚ

ಕೊನೆಗೆ ನಮ್ಮದೇ ಸೀಮೆಗೆ ಬರೋಣ. ಇವತ್ತು 'ಕವಚ' ಅಂತ ಕರೆಯುವ ವ್ಯವಸ್ಥೆಯನ್ನು ಪರೀಕ್ಷೆ ಮಾಡಿದ್ದು ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳಲ್ಲಿ, ಸುಮಾರು 250 ಕಿ.ಮೀ. ಉದ್ದಕ್ಕೆ. ಅಂದರೆ ತಾಂಡೂರಿನ ಮೇಲೆ ಹಾಯುವ, 1874ರಲ್ಲಿ ಹಾಕಿದ ಅದೇ ದಾರಿ. ಪ್ರಯಾಣಿಕರ ಗಾಡಿಗಳ ಮೇಲೆ ಮೊದಲ ಪ್ರಯೋಗ 2016ರ ಫೆಬ್ರವರಿಯಲ್ಲಿ ನಡೆಯಿತು. 2020ರ ಜುಲೈನಲ್ಲಿ ಇದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಅಂಗೀಕರಿಸಿದರು. 2022ರ ಮಾರ್ಚ್ 4ರಂದು ಗುಲ್ಲಗುಡ ಮತ್ತು ಚಿಟಿಗಿಡ್ಡ ಸ್ಟೇಷನ್ನುಗಳ ನಡುವೆ ರೈಲ್ವೆ ಸಚಿವರು ಎಂಜಿನ್ನಿನಲ್ಲಿ ಕೂತು ನೋಡಿದಾಗ, ಮುಂದೆ ನಿಂತಿದ್ದ ಎಂಜಿನ್ನಿಗೆ 380 ಮೀಟರ್ ದೂರದಲ್ಲಿ ಅವರ ಎಂಜಿನ್ ತಾನೇ ನಿಂತಿತು.

ಕೆಲಸ ಹೀಗೆ. ಸಿಲಿಪಾಟುಗಳ ಮೇಲೆ ಅಲ್ಲಲ್ಲಿ ಆರ್‌ಎಫ್‌ಐಡಿ ಬಿಲ್ಲೆಗಳಿವೆ. ಎಂಜಿನ್ ಅವುಗಳ ಮೇಲೆ ಹಾಯುವಾಗ ಅವನ್ನು ಓದಿ ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತದೆ. ಸ್ಟೇಷನ್ನಿನ ಯಂತ್ರದ ಜೊತೆ ರೇಡಿಯೊ ಮೂಲಕ ಮಾತಾಡುತ್ತದೆ. ಮುಂದೆ ಕೆಂಪು ಇದ್ದು ಚಾಲಕ ನಿಲ್ಲಿಸದಿದ್ದರೆ ಬ್ರೇಕು ಹಾಕುತ್ತದೆ. ಗೇಟಿನ ಹತ್ತಿರ ತಾನೇ ಸೀಟಿ ಹೊಡೆಯುತ್ತದೆ. ಟಾಯರ್‌ನ ಬಿಲ್ಲೆ ಚಾಲಕನ ಕೈಯಿಂದ ಇಳಿದು ಹಳಿಗೆ ಹೋಗಿ ಮಲಗಿದೆ ಅಂತ ನನಗೆ ಕಾಣುತ್ತದೆ. ಆದರೆ ಕವಚ ನಂಬುವುದು ಸಿಗ್ನಲ್ ವ್ಯವಸ್ಥೆ ಕೊಡುವ ಸುದ್ದಿಯನ್ನು. ಆ ಸುದ್ದಿಯ ಬೇರಿನಲ್ಲೇ ತಪ್ಪು ಅಕ್ಷರ ಇದ್ದರೆ ಅದು ಕವಚಕ್ಕೂ ತಪ್ಪಾಗಿಯೇ ಮುಟ್ಟುತ್ತದೆ. ಬಿಲ್ಲೆಗಳನ್ನು ಹಳಿಗೆ ಕೂರಿಸುವವರು, ಕಾಯುವವರು, ಪೆಟ್ಟಿಗೆಯ ತಂತಿಗೆ ಹೆಸರು ಅಂಟಿಸುವವರು ಮನುಷ್ಯರೇ. ಅವರಲ್ಲಿ ಒಬ್ಬ ಕನ್ನಡದವನು, ಒಬ್ಬ ತೆಲುಗಿನವನು, ಒಬ್ಬ ಬಿಹಾರದವನು ಇರಬಹುದು. ಅವರು ಪರಸ್ಪರ ಏನು ಹೇಳಿದರು, ಏನು ಕೇಳಿಸಿಕೊಂಡರು ಅನ್ನುವುದರ ಮೇಲೆ ಈ ದೊಡ್ಡ ಯಂತ್ರ ನಿಂತಿದೆ.

ಸಂವಾದದಲ್ಲಿ ಗುರುಗಳೊಬ್ಬರು ಕೇಳಿದರು: ಹಾಗಾದರೆ ಗಡಿನಾಡ ರೈಲ್ವೆಯಲ್ಲಿ ಕನ್ನಡ ಬೇಕು ಅಂತಲೋ, ಯಾವ ಭಾಷೆಯೂ ಬೇಡ, ಗೋಳಾ ಸಾಕು ಅಂತಲೋ? ನನ್ನ ಉತ್ತರ ಹೀಗಿತ್ತು. ಗೋಳಾ ಬೇಕು, ಮಾತು ಹೋಗಿ ವಸ್ತು ನಿಲ್ಲಬಹುದಾದ ಕಡೆಯೆಲ್ಲ ವಸ್ತುವೇ ನಿಲ್ಲಲಿ. ಮಾತು ಉಳಿಯಲೇಬೇಕಾದ ಕಡೆ, ಅಂದರೆ ಗೇಟಿನಲ್ಲಿ, ಗ್ಯಾಂಗಿನಲ್ಲಿ, ತರಬೇತಿಯಲ್ಲಿ, ಅಪಾಯದ ಹಲಗೆಯ ಮೇಲೆ, ಅದು ಕೇಳುವವನ ಭಾಷೆಯಲ್ಲಿ ಇರಲಿ. ಅಕ್ಕಲಕೋಟದ ಕುರಿ ಕಾಯುವ ಹುಡುಗನಿಗೆ ಮರಾಠಿ ಓದಲು ಬಂದೀತು, ಅವನ ಆಯಿಗೆ ಬರಲಿಕ್ಕಿಲ್ಲ. ಹಳಿ ದಾಟುವವರು ಇಬ್ಬರೂ.

ಸಹಪಾಠಿಗಳಲ್ಲಿ ನನ್ನದೊಂದು ಮನವಿ. ಹೊಸೂರು, ಆದೋನಿ, ತಾಂಡೂರು, ಕಾಸರಗೋಡು, ಸೊಲ್ಲಾಪುರದ ಕಡೆಯವರು ಇಲ್ಲಿದ್ದೀರಿ. ನಿಮ್ಮ ಊರುಗಳಲ್ಲಿ ನಿವೃತ್ತ ಗ್ಯಾಂಗ್‌ಮ್ಯಾನ್, ಗೇಟ್‌ಮ್ಯಾನ್, ಪಾಯಿಂಟ್ಸ್‌ಮ್ಯಾನ್ ಸಿಕ್ಕರೆ ಅವರ ಕೆಲಸದ ಶಬ್ದಗಳನ್ನು ಬರೆದುಕೊಳ್ಳಿ. ಯಾವ ಸದ್ದಿಗೆ ಏನು ಹೆಸರು, ಯಾವ ಅಪಾಯಕ್ಕೆ ಯಾವ ಕೂಗು, ಬೇರೆ ಭಾಷೆಯ ಮೇಲಧಿಕಾರಿಗೆ ಅದನ್ನು ಹೇಗೆ ಮುಟ್ಟಿಸುತ್ತಿದ್ದರು ಅಂತ ಕೇಳಿ. ಪೇಟೆಂಟುಗಳ ಚರಿತ್ರೆ ಕಚೇರಿಗಳಲ್ಲಿ ಭದ್ರವಾಗಿದೆ. ಈ ಶಬ್ದಗಳು ಇರುವುದು ಎಂಬತ್ತು ದಾಟಿದವರ ಬಾಯಲ್ಲಿ. ಇದನ್ನು ಕೂಡಿ ಮಾಡುವುದಾದರೆ ನಾನು ನಮ್ಮ ತಾಲೂಕಿನ ಪಟ್ಟಿಯಿಂದ ಶುರು ಮಾಡುತ್ತೇನೆ.